ಬೆಂಚಿನ ಮೇಲೆ ಕೂತವರಿಗೂ ಪೂರ್ತಿ ಟಿಕೆಟ್ಟು

ಪಿಎಚ್.ಡಿ. ಟಿಪ್ಪಣಿಗೆಂದು ಕೊಂಡ ನನ್ನ ಪುಸ್ತಕವೊಂದರ ಹಿಂದಿನ ಹಾಳೆಗಳು ಮನೆಯ ಖರ್ಚಿನ ಲೆಕ್ಕಕ್ಕೆ ಹೋಗಿಬಿಟ್ಟಿವೆ. 2025ರ ಏಪ್ರಿಲ್‌ನ ಪುಟದಲ್ಲಿ ‘ಅಮ್ಮ, ಟಿಕೆಟ್, 1,300’ ಎಂದು ಒಂದು ಸಾಲಿದೆ. ಆ ದಿನ ಅಮ್ಮ ಒಂದು ಥೀಮ್ ಪಾರ್ಕಿನೊಳಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದೂವರೆಯವರೆಗೆ ಸಿಮೆಂಟಿನ ಬೆಂಚಿನ ಮೇಲೆ ಕೂತು ನಮ್ಮೈದು ಜನರ ಚಪ್ಪಲಿ, ಟವೆಲ್ಲು, ಮೊಬೈಲುಗಳನ್ನು ಕಾದಳು. ಒಂದು ಆಟವನ್ನೂ ಹತ್ತಲಿಲ್ಲ. ‘ಅಮ್ಮ ಇದ್ದಾಳಲ್ಲ’ ಅಂತ ನಾವು ಲಾಕರ್ ಕೂಡ ತೆಗೆದುಕೊಳ್ಳಲಿಲ್ಲ. ಲಾಕರಿನ ದುಡ್ಡು ಉಳಿಯಿತೆಂದು ನಾನೇ ಖುಷಿಪಟ್ಟಿದ್ದೆ. ಅಂದರೆ ಲಾಕರ್ ಮಾಡಬೇಕಾದ ಕೆಲಸವನ್ನು ಮಾಡಲು ಅಮ್ಮ 1,300 ರೂಪಾಯಿ ಕೊಟ್ಟು ಒಳಗೆ ಬಂದಿದ್ದಳು.

ಪಾರ್ಕಿನ ಹೆಸರು ಇಲ್ಲಿ ಬೇಡ. ನನ್ನ ತಕರಾರು ಒಂದು ಪಾರ್ಕಿನ ಮೇಲಲ್ಲ. ಒಂದೇ ಬಾಗಿಲು, ಒಂದೇ ದರ, ಒಳಗಿನ ಊಟ ಒಳಗೇ ಎಂಬ ಪದ್ಧತಿಯ ಮೇಲೆ. ಅದೇ ಪದ್ಧತಿ ನಾಳೆ ಕೆ.ಆರ್.ಎಸ್.ಗೂ ಬಂದೀತೆಂಬ ಭಯ ಇರುವುದರಿಂದ ಈಗಲೇ ಬರೆಯುತ್ತಿದ್ದೇನೆ.

ಹೋಗಬೇಕೆಂದದ್ದು ಅಕ್ಕನ ಮಗಳು. ಅವಳ ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೋಗಿ ಬಂದಿದ್ದರು. ಅಕ್ಕನ ಮನೆ ಕುಂಬಾರಕೊಪ್ಪಲಿನಲ್ಲಿ. ಭಾವ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ ಮಾಡುತ್ತಾರೆ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಅಮ್ಮ, ನಾನು, ಹೀಗೆ ಆರು ಜನ. ಲೆಕ್ಕ ಹಾಕುವ ಕೆಲಸ ‘ಓದಿದವನು’ ಅಂತ ನನ್ನ ಪಾಲಿಗೆ ಬಂತು. ಟಿಕೆಟ್ಟಿಗೆ 7,300, ಬಸ್ಸಿಗೆ 750, ಆಟೋಗೆ 300, ಐಸ್‌ಕ್ರೀಮು ಗೀಸ್‌ಕ್ರೀಮಿಗೆ 500, ನೀರಿನ ಆಟದ ಬಟ್ಟೆ ಮತ್ತು ಇತರೆ ಅಂತ 650, ಒಟ್ಟು 9,500. ಶಕ್ತಿ ಯೋಜನೆಯಿಂದಾಗಿ ಹೆಂಗಸರ ಬಸ್ ಖರ್ಚು ಇರಲಿಲ್ಲ. ಅಮ್ಮ ತನ್ನ ಗೃಹಲಕ್ಷ್ಮಿ ದುಡ್ಡಿನಿಂದ ಎರಡು ತಿಂಗಳದ್ದು, 4,000, ತೆಗೆದುಕೊಟ್ಟಳು. ಉಳಿದದ್ದನ್ನು ಭಾವ ಮತ್ತು ನಾನು ಹಂಚಿಕೊಂಡೆವು.

ಹೊರಡುವ ಮುಂಚೆ ‘ಕಡಿಮೆ ಖರ್ಚಿನಲ್ಲಿ ಕುಟುಂಬ ಪ್ರವಾಸ’ ಎಂಬಂಥ ಹತ್ತಾರು ಬರಹಗಳನ್ನು ಓದಿದ್ದೆ. ಎಲ್ಲವೂ ನಾಲ್ಕು ಮಾತು ಹೇಳುತ್ತವೆ: ವಾರದ ದಿನ ಹೋಗಿ, ಸೀಸನ್ ಅಲ್ಲದಾಗ ಹೋಗಿ, ಮುಂಗಡ ಬುಕ್ ಮಾಡಿ, ಊಟ ಕಟ್ಟಿಕೊಂಡು ಹೋಗಿ. ಈ ನಾಲ್ಕನ್ನೂ ಅಕ್ಕನ ಮನೆಗೆ ಹೊಂದಿಸಿ ನೋಡಿ. ವಾರದ ದಿನ ಹೋದರೆ ಭಾವನಿಗೆ ಒಂದು ದಿನದ ಕೂಲಿ ಕಟ್, ಟಿಕೆಟ್ಟಿನಲ್ಲಿ ಉಳಿದದ್ದು ಅಲ್ಲಿಗೇ ಹೋಯಿತು. ಸೀಸನ್ ಅಲ್ಲದಾಗ ಮಕ್ಕಳಿಗೆ ಶಾಲೆ. ಮುಂಗಡ ಬುಕ್ ಮಾಡೋಣವೆಂದರೆ ಮುಂದಿನ ವಾರ ಯಾವ ಶಿಫ್ಟು ಅನ್ನುವುದು ಭಾವನಿಗೆ ಶನಿವಾರದವರೆಗೂ ಗೊತ್ತಾಗುವುದಿಲ್ಲ. ಊಟದ ಕತೆ ಮುಂದೆ ಹೇಳುತ್ತೇನೆ. ತಿಂಗಳ ಸಂಬಳ ಮತ್ತು ಸಂಬಳದ ರಜೆ ಇರುವವರಿಗೆ ಮಾತ್ರ ಈ ಸಲಹೆಗಳು ಉಪಯೋಗಕ್ಕೆ ಬರುತ್ತವೆ. ಅಂಥವರಿಗೆ ಸರ್ಕಾರವೂ ಜೊತೆಗಿದೆ: ಹಳೆಯ ತೆರಿಗೆ ಪದ್ಧತಿಯಲ್ಲಿ ನಾಲ್ಕು ವರ್ಷಕ್ಕೆ ಎರಡು ಸಲ ಕುಟುಂಬದೊಂದಿಗೆ ಮಾಡಿದ ಪ್ರವಾಸದ ಪ್ರಯಾಣವೆಚ್ಚಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಗುತ್ತಿಗೆ ಕೆಲಸದವರಿಗೆ ಸಿಗುವುದು ‘ನೋಡಿಕೊಂಡು ಖರ್ಚು ಮಾಡಿ’ ಎಂಬ ಬುದ್ಧಿಮಾತು.

ಬಾಗಿಲಲ್ಲಿ ಮೊದಲು ಎತ್ತರ ಅಳೆದರು. ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಹನ್ನೆರಡು ವರ್ಷದ ಹುಡುಗಿ ಗೆರೆ ದಾಟಿಬಿಟ್ಟಿದ್ದಳು. ಒಂದೇ ನಿಮಿಷದಲ್ಲಿ ಅವಳು ದೊಡ್ಡವಳಾದಳು, 250 ರೂಪಾಯಿ ಹೆಚ್ಚಾಯಿತು. ಆಮೇಲೆ ಬ್ಯಾಗು ನೋಡಿದರು. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಲಸಿದ ಪುಳಿಯೋಗರೆ, ಅಕ್ಕ ಮಾಡಿದ ಚಪಾತಿ ಪಲ್ಯ ಒಳಗೆ ಬಿಡುವುದಿಲ್ಲ ಎಂದರು. ಎಸೆಯಲು ಮನಸ್ಸು ಬರಲಿಲ್ಲ. ಗೇಟಿನ ಹೊರಗೆ, ವಾಹನ ನಿಲ್ಲಿಸುವ ಜಾಗದ ಪಕ್ಕದ ಕಟ್ಟೆಯ ಮೇಲೆ ಕೂತು ಬೆಳಿಗ್ಗೆ ಹತ್ತೂವರೆಗೇ ಮಧ್ಯಾಹ್ನದ ಊಟ ಮುಗಿಸಿದೆವು. ನೀರಿನಲ್ಲಿ ಆಡಿದ ಮಕ್ಕಳಿಗೆ ಎರಡು ಗಂಟೆಗೆ ಮತ್ತೆ ಹಸಿವು. ಒಳಗಿನ ತಿಂಡಿಗೆ ಸಂಜೆಯ ಹೊತ್ತಿಗೆ 2,100 ಆಗಿತ್ತು. ನೀರಿನ ಆಟಕ್ಕೆ ನೈಲಾನ್ ಬಟ್ಟೆಯೇ ಆಗಬೇಕೆಂಬ ನಿಯಮಕ್ಕೆ 900. ನನ್ನ 9,500ರ ಬಜೆಟ್ಟು 11,600ಕ್ಕೆ ನಿಂತಿತು.

ಅಮ್ಮನಿಗೆ 54 ವರ್ಷ, ಬಿ.ಪಿ. ಮಾತ್ರೆ ನುಂಗುತ್ತಾಳೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಕೊಡುವ ಪಾರ್ಕುಗಳಿವೆ, ಆದರೆ ಅದಕ್ಕೆ ಅವಳಿನ್ನೂ ಚಿಕ್ಕವಳು. ಒಳಗೆ ಹೋದ ಮೇಲೆ ದೊಡ್ಡ ಆಟಗಳ ಮುಂದೆಲ್ಲ ಫಲಕಗಳು: ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇರುವವರು ಮತ್ತು ಗರ್ಭಿಣಿಯರು ಹತ್ತಬಾರದು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ನಿಯಮವೇ. ಆದರೆ ಹತ್ತಬಾರದವರ ಹತ್ತಿರ ಗೇಟಿನಲ್ಲಿ ಹತ್ತುವವರಷ್ಟೇ ದುಡ್ಡು ತೆಗೆದುಕೊಂಡದ್ದು ಯಾವ ನ್ಯಾಯ? ಆರು ವರ್ಷದ ಚಿಕ್ಕವನದ್ದೂ ಇದೇ ಪಾಡು. ಟಿಕೆಟ್ಟು ಕೊಳ್ಳುವಷ್ಟು ಎತ್ತರ ಇದ್ದ, ಅಕ್ಕ ಹತ್ತಿದ ಆಟ ಹತ್ತುವಷ್ಟು ಎತ್ತರ ಇರಲಿಲ್ಲ. ಅವನು ಅರ್ಧ ದಿನ ಅಜ್ಜಿಯ ಪಕ್ಕದಲ್ಲಿ ಕೂತು ಅತ್ತ.

ತೆರಿಗೆಯನ್ನೂ ಸೇರಿಸಿ ಹೇಳಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕುಗಳ ಪ್ರವೇಶಕ್ಕೆ ಶೇ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ ಅಮ್ಮನ 1,300ರಲ್ಲಿ ಸುಮಾರು 198 ರೂಪಾಯಿ ತೆರಿಗೆ. ನಮ್ಮ ಮೃಗಾಲಯಕ್ಕೆ ಹೋಗಿ ಜಿರಾಫೆಯ ಎದುರಿನ ಬೆಂಚಿನಲ್ಲಿ ಕೂತಿದ್ದರೆ ಅದೂ ಇಲ್ಲ. ಮೃಗಾಲಯ, ವಸ್ತುಸಂಗ್ರಹಾಲಯಗಳ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ.

‘ಕೈಲಾಗದಿದ್ದರೆ ಯಾಕೆ ಹೋಗಬೇಕಿತ್ತು?’ ಎನ್ನುವವರಿದ್ದಾರೆ. ನಮ್ಮ ವಿಭಾಗದ ಕ್ಯಾಂಟೀನಿನಲ್ಲೇ ಒಬ್ಬರು ಕೇಳಿದರು. ಸಿನಿಮಾ, ಜಾತ್ರೆ, ತಿರುಪತಿ ಯಾವುದಕ್ಕೂ ಕೇಳದ ಈ ಪ್ರಶ್ನೆ ಮಕ್ಕಳ ಆಟಕ್ಕೆ ಮಾತ್ರ ಯಾಕೆ ಬರುತ್ತದೋ ಕಾಣೆ. ಇನ್ನೊಂದು ಆಕ್ಷೇಪಕ್ಕೆ ನಿಜವಾಗಿ ಉತ್ತರಿಸಬೇಕು. ಒಂದೇ ಟಿಕೆಟ್ಟಿನಲ್ಲಿ ಒಂದು ನೆಮ್ಮದಿ ಇದೆ. ಒಳಗೆ ಹೋದ ಮೇಲೆ ಮಗು ‘ಇನ್ನೊಂದು ಸಲ’ ಅಂದರೆ ಅಪ್ಪ ಜೇಬು ಮುಟ್ಟಿ ನೋಡಬೇಕಾಗಿಲ್ಲ. ಹುಡುಗಿ ಒಂದೇ ಜಾರುಬಂಡೆಯನ್ನು ಏಳು ಸಲ ಹತ್ತಿದಳು. ಭಾವನ ಮುಖದಲ್ಲಿ ಆವತ್ತು ಕಂಡ ನಿರಾಳ ನನಗೆ ಮರೆತಿಲ್ಲ. ಹಾಗಾಗಿ ಆಡುವವರಿಗೆ ಒಂದೇ ಟಿಕೆಟ್ಟು ಇರಲಿ. ಆಡದವರಿಗೆ, ಆಡಬಾರದೆಂದು ನೀವೇ ಫಲಕ ಹಾಕಿದವರಿಗೆ, ಬರೀ ಪ್ರವೇಶದ ಟಿಕೆಟ್ಟು ಇರಲಿ. ನಾನು ಕೇಳುವುದು ಇಷ್ಟೇ.

ಇದು ವ್ಯಾಪಾರ ಗೊತ್ತಿಲ್ಲದವನ ಮಾತು ಅನ್ನಿಸಿದರೆ ಡಿಸ್ನಿಲ್ಯಾಂಡಿನ ಚರಿತ್ರೆ ನೋಡಬಹುದು. ವಾಲ್ಟ್ ಡಿಸ್ನಿ ತನಗೆ ಇಂಥ ಪಾರ್ಕಿನ ಯೋಚನೆ ಹೇಗೆ ಬಂತೆಂದು ಹೇಳುತ್ತಿದ್ದ ಕತೆ ಒಂದಿದೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಅವನ ಹೆಣ್ಣುಮಕ್ಕಳು ಮರದ ಕುದುರೆಗಳ ಮೇಲೆ ತಿರುಗುತ್ತಿದ್ದಾಗ ಅವನು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದನಂತೆ. ಅಪ್ಪ ಅಮ್ಮಂದಿರೂ ಮಕ್ಕಳೂ ಒಟ್ಟಿಗೆ ನಲಿಯುವ ಜಾಗ ಬೇಕು ಅಂತ ಆಗ ಅನ್ನಿಸಿತಂತೆ. ಅಂದರೆ ಅವನೂ ಅವತ್ತು ನಮ್ಮಮ್ಮನ ಜಾಗದಲ್ಲೇ ಕೂತಿದ್ದ. 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ದೊಡ್ಡವರ ಪ್ರವೇಶಕ್ಕೆ ಒಂದು ಡಾಲರ್, ಒಳಗೆ ಆಟಕ್ಕೊಂದು ಟಿಕೆಟ್ಟು. ಅದೇ ವರ್ಷ ಎ, ಬಿ, ಸಿ ಎಂದು ಆಟಗಳ ದರ್ಜೆಗೆ ತಕ್ಕ ಕೂಪನ್ ಪುಸ್ತಕಗಳು ಬಂದವು. ಆ ಪದ್ಧತಿ ಪೂರ್ತಿ ನಿಂತು ಎಲ್ಲಕ್ಕೂ ಒಂದೇ ಪಾಸು ಆದದ್ದು 1982ರಲ್ಲಿ. ಅಂದರೆ ಜಗತ್ತಿನ ಅತಿ ಹೆಸರುವಾಸಿ ಥೀಮ್ ಪಾರ್ಕು ಮೊದಲ 27 ವರ್ಷ ಬೆಂಚಿನ ಮೇಲೆ ಕೂತವರಿಂದ ಆಟದ ದುಡ್ಡು ವಸೂಲಿ ಮಾಡದೆಯೇ ನಡೆದಿತ್ತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನವರಿಗೆ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ ಗೊತ್ತು. ಒಳಗೆ ಹೋಗಲು ಸಣ್ಣ ಟಿಕೆಟ್ಟು, ಜೈಂಟ್ ವ್ಹೀಲಿಗೆ ಬೇರೆ, ಕೊಲಂಬಸ್ಸಿಗೆ ಬೇರೆ. ಅಮ್ಮ ಅಲ್ಲಿ ಯಾವತ್ತೂ ಬ್ಯಾಗು ಕಾದದ್ದಿಲ್ಲ. ಮಳಿಗೆ ನೋಡುತ್ತಾಳೆ, ಪಾತ್ರೆಗೆ ಚೌಕಾಸಿ ಮಾಡುತ್ತಾಳೆ, ಹಪ್ಪಳ ತಿನ್ನುತ್ತಾಳೆ, ಗೊತ್ತಿರುವವರು ಸಿಕ್ಕರೆ ಅರ್ಧ ಗಂಟೆ ನಿಂತು ಮಾತಾಡುತ್ತಾಳೆ. ಎಷ್ಟು ಖುಷಿ ಕೊಳ್ಳಬೇಕು ಅನ್ನುವುದನ್ನು ಅಲ್ಲಿ ಪ್ರತಿ ಮನೆಯವರೂ ತಮ್ಮ ಜೇಬು ನೋಡಿ ತೀರ್ಮಾನಿಸಬಹುದು. ಅದು ನಿಜವಾದ ಬಜೆಟ್ಟು. ಗೇಟಿನಲ್ಲೇ ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಂಡ ಮೇಲೆ ಒಳಗೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ.

ಇನ್ನು ಕೆ.ಆರ್.ಎಸ್. ವಿಷಯ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅಣೆಕಟ್ಟೆಯ ಕೆಳಗೆ ರೂಪುಗೊಂಡ ಬೃಂದಾವನ ಹತ್ತುವ ಇಳಿಯುವ ಆಟಗಳಿಗಾಗಿ ಮಾಡಿದ್ದಲ್ಲ. ನೀರು, ಹೂವು, ದೀಪ ನೋಡುತ್ತಾ ಓಡಾಡುವುದು, ಸುಸ್ತಾದರೆ ಕೂರುವುದು ಅಲ್ಲಿಯ ಕಾರ್ಯಕ್ರಮ. ಬಿ.ಪಿ. ಇರುವವರಿಗೂ ಆರು ವರ್ಷದವರಿಗೂ ಅಲ್ಲಿ ಸಮಾನ ಅವಕಾಶ. ಅದರ ಪ್ರವೇಶದರ ಇವತ್ತಿಗೂ ಥೀಮ್ ಪಾರ್ಕಿನ ಟಿಕೆಟ್ಟಿನ ಒಂದು ಸಣ್ಣ ಪಾಲು. 2018ರಲ್ಲಿ ಅಂದಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಮತ್ತು 125 ಅಡಿಯ ಕಾವೇರಿ ಪ್ರತಿಮೆಯ ಯೋಜನೆ ಪ್ರಕಟಿಸಿದರು. 2024ರಲ್ಲಿ ಬೃಂದಾವನವನ್ನು ಸರ್ಕಾರಿ ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೆ ಏರಿಸುವ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮಂಡ್ಯದ ರೈತ ಸಂಘಟನೆಗಳು ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎತ್ತಿ ವಿರೋಧಿಸುತ್ತಿವೆ. ಅದು ದೊಡ್ಡ ಪ್ರಶ್ನೆ, ಅವರೊಂದಿಗೆ ನಾನಿದ್ದೇನೆ. ಅದರ ಪಕ್ಕದಲ್ಲಿ ಇಡಬೇಕಾದ ಸಣ್ಣ ಪ್ರಶ್ನೆಯೊಂದನ್ನು ಮೈಸೂರಿನ ಮನೆಗಳು ಕೇಳಬೇಕು: ಟಿಕೆಟ್ಟು ಎಷ್ಟು, ಯಾರಿಗೆ?

2,663 ಕೋಟಿ ಎಲ್ಲಿಂದಲಾದರೂ ವಾಪಸು ಬರಬೇಕು. ಖಾಸಗಿಯವರು ಹೂಡಿದ ದುಡ್ಡು ಗೇಟಿನಲ್ಲೇ ವಸೂಲಾಗುತ್ತದೆ. ಜಾಗ ಅವರ ಕೈಗೆ ಹೋದ ಮೇಲೆ ಒಳಗಿನ ನಿಯಮಗಳೂ ಅವರವೇ ಆಗುವ ಸಂಭವ ಹೆಚ್ಚು. 2023ರ ಜನವರಿ 3ರಂದು ಸುಪ್ರೀಂ ಕೋರ್ಟು ಚಿತ್ರಮಂದಿರಗಳ ಪ್ರಕರಣದಲ್ಲಿ, ಹೊರಗಿನ ತಿಂಡಿ ಬೇಡವೆನ್ನುವ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದಿತು. ಖಾಸಗಿ ಚಿತ್ರಮಂದಿರಕ್ಕೆ ಅದು ಇರಲಿ. ಕಾವೇರಿಯ ದಡದ ಸರ್ಕಾರಿ ತೋಟದಲ್ಲಿ ಪುಳಿಯೋಗರೆಯ ಡಬ್ಬಿ ತೆಗೆಯಲು ಯಾರ ಅಪ್ಪಣೆಯೂ ಬೇಕಾಗಬಾರದು.

ಆದ್ದರಿಂದ ಟೆಂಡರಿನ ಕಾಗದಕ್ಕೆ ಸಹಿ ಬೀಳುವ ಮೊದಲೇ ಮೂರು ಮಾತು ಅದರಲ್ಲಿ ಬರೆದಿರಬೇಕು. ಒಂದು, ತೋಟಕ್ಕೆ ಹೋಗುವ ಟಿಕೆಟ್ಟು ಬೇರೆ, ಆಟದ ಟಿಕೆಟ್ಟು ಬೇರೆ, ಮತ್ತು ತೋಟದ ದರ ಏರಿಸುವ ಅಧಿಕಾರ ಗುತ್ತಿಗೆದಾರರಿಗೆ ಇರಬಾರದು. ಎರಡು, ಮನೆಯ ಊಟ, ನೀರು ಒಳಗೆ ಬರಬಹುದು. ಮೂರು, ಯಾವ ಆಟಕ್ಕೆ ಎಷ್ಟು ಎತ್ತರ ಬೇಕು, ಯಾರು ಹತ್ತಬಾರದು ಎಂಬ ಫಲಕ ಟಿಕೆಟ್ ಕೌಂಟರಿನ ಮುಂದೆಯೇ ಇರಬೇಕು, ದುಡ್ಡು ಕೊಟ್ಟು ಒಳಗೆ ಹೋದ ಮೇಲಲ್ಲ. ಈ ಮೂರನ್ನು ಒಪ್ಪಲಾಗದಿದ್ದರೆ ಆ ಪಾರ್ಕು ನಮಗೆ ಬೇಡ. ಈಗಿರುವ ಬೃಂದಾವನದಲ್ಲಿ ಕೆಟ್ಟುನಿಂತ ದೀಪಗಳನ್ನೂ ಶೌಚಾಲಯಗಳನ್ನೂ ಸರಿಮಾಡಿ ಕೊಡಿ, ಸಾಕು.

ಆವತ್ತು ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ನಾನು ‘ಬೇಜಾರಾಯ್ತಾ?’ ಅಂತ ಅಮ್ಮನನ್ನು ಕೇಳಿದೆ. ‘ಬೇಜಾರೇನಿಲ್ಲ ಕಣೋ, ಮಕ್ಕಳು ಚೆನ್ನಾಗಿ ಆಡಿದ್ರಲ್ಲ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ಟಿಕೆಟ್ಟಿಗೆ ಎಷ್ಟು ಕೊಟ್ಟೆ?’ ಎಂದು ಕೇಳಿದಳು. ನಾನು ಎಂಟುನೂರು ಅಂದೆ. ‘ಅಷ್ಟೊಂದಾ!’ ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಪುಸ್ತಕದಲ್ಲಿ ಮಾತ್ರ 1,300 ಅಂತಲೇ ಇದೆ.