ಸೇರ್ಪಡೆಯಿಂದಾದ ಭಂಗ
2024ರ ಜುಲೈಯಲ್ಲಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1.80ನೆಯ ಆವೃತ್ತಿ ಹೊರಬಂದಾಗ, ಕಾಲಗಣನೆಗೆ ಬಹುವಾಗಿ ಬಳಕೆಯಲ್ಲಿದ್ದ 'ಟೈಮ್' ಪ್ಯಾಕೇಜಿನ ಹಳೆಯ ಆವೃತ್ತಿಗಳು ಕಂಪೈಲ್ ಆಗದೆ ನಿಂತವು. ಸ್ಟ್ಯಾಂಡರ್ಡ್ ಲೈಬ್ರರಿಯಿಂದ ಏನನ್ನೂ ಕಿತ್ತಿರಲಿಲ್ಲ. ಹೊಸದೊಂದು ಸೌಲಭ್ಯವನ್ನು ಸೇರಿಸಿದ್ದರು, ಅಷ್ಟೆ. ಅದುವರೆಗೆ ಒಂದೇ ಅರ್ಥಕ್ಕೆ ಎಡೆಯಿದ್ದ ಸಾಲಿಗೆ ಎರಡನೆಯ ಅರ್ಥವೂ ಸಾಧ್ಯವಾಗಿ, ಕಂಪೈಲರು ಯಾವುದನ್ನೂ ಆಯಲಾರದೆ ದೋಷವೆಂದು ಸಾರಿತು. ನಿಘಂಟಿಗೆ ಹೊಸ ಅರ್ಥವೊಂದು ಸೇರಿದೊಡನೆ ಹಳೆಯ ಪದ್ಯ ಶ್ಲೇಷೆಯಾದಂತೆ!

ಇಂತಹ ಬದಲಾವಣೆಗೆ ಆ ಭಾಷೆಯ ಸ್ಥಿರತೆಯ ನಿಯಮಗಳಲ್ಲಿ ಅವಕಾಶವಿದೆಯೆಂಬುದು ನಿಜ. ತಿದ್ದಿದ 0.3.35ನೆಯ ಪ್ಯಾಕೇಜೂ ಮೊದಲೇ ಸಿದ್ಧವಿತ್ತು. ಆದರೆ ಅವಲಂಬನೆಗಳನ್ನು ನಿಶ್ಚಿತ ಆವೃತ್ತಿಗಳಿಗೆ ಬಿಗಿದಿಟ್ಟು ಎಚ್ಚರ ವಹಿಸಿದವರಿಗೇ ದಂಡ ಬಿದ್ದಿತು, ಇದು ನ್ಯಾಯವೆನಿಸದು. ಒಂದು ಆವೃತ್ತಿಯಲ್ಲಿ ಮುನ್ನೆಚ್ಚರಿಕೆಯನ್ನಿತ್ತು, ಮುಂದೆಂದಾದರೂ ಈ ಸೇರ್ಪಡೆಯನ್ನು ಮಾಡಿದ್ದರೆ ಭಾಷೆಗೆ ಯಾವ ಕೊರತೆಯಾಗುತ್ತಿತ್ತು?