ದಾರಿಯಲ್ಲಿ ಹೆಣೆದ ತೋಳು

ಪ್ರವಾಸಕ್ಕೆ ಹೊರಟವರು ಕೈಗೆಲಸವನ್ನೂ ಜೊತೆಗೆ ಒಯ್ಯಬೇಕೆ ಎಂಬ ವಿಷಯದಲ್ಲಿ ನನಗೂ ನನ್ನ ಮನೆಯಾಕೆಗೂ ಬಹುಕಾಲದ ಭಿನ್ನಾಭಿಪ್ರಾಯವಿದೆ. ಕಾಡು, ಘಟ್ಟ, ತೊರೆಗಳನ್ನು ನೋಡಲೆಂದು ಹೋಗಿ ಉಣ್ಣೆಯ ಎಳೆಯಲ್ಲೇ ಕಣ್ಣು ನೆಡುವುದಾದರೆ ಮನೆಯ ಜಗಲಿಯೇ ಸಾಲದೆ ಎಂಬುದು ನನ್ನ ವಾದ. ಕಳೆದ ಬೇಸಗೆ ರಜೆಯಲ್ಲಿ ಮಗನ ಕಾರಿನಲ್ಲಿ ಕಾಸರಗೋಡಿನಿಂದ ನೀಲಗಿರಿಗೆ ಹೊರಟಾಗಲೂ ಅದನ್ನೇ ಆಡಿದೆ.

"ಅಣ್ಣನಿಗೆ ಇನ್ನೊಂದು ತೋಳು ಮಾತ್ರ ಬಾಕಿ" ಎಂದಷ್ಟೇ ಹೇಳಿ ಆಕೆ ಚೀಲವನ್ನು ಮಡಿಲಲ್ಲಿರಿಸಿಕೊಂಡಳು. ಕೋಟಗಿರಿಯಲ್ಲಿರುವ ಭಾವನವರು ಶಸ್ತ್ರಚಿಕಿತ್ಸೆಯ ಬಳಿಕ ತೀರ ಇಳಿದುಹೋಗಿದ್ದರು. ಹಳೆಯ ಸ್ವೆಟರುಗಳು ಅವರ ಮೈಮೇಲೆ ಜೋಲುತ್ತಿದ್ದವು. ನಾನು ಮರುಮಾತಾಡಲಿಲ್ಲ.

ದಾರಿಯ ಹೆಣಿಗೆಗೂ ಒಂದು ವಿವೇಕ ಬೇಕೆಂದು ಆಗ ಕಂಡುಕೊಂಡೆ. ಹುರಿಯಂತೆ ತಿರುಚುವ ಚಿತ್ತಾರವಿದ್ದ ಎದೆಯ ಭಾಗವನ್ನು ಮನೆಯಲ್ಲೇ ಮುಗಿಸಿ, ಕಣ್ಣಿಗೆ ಶ್ರಮವಿಲ್ಲದ ಸಾದಾ ತೋಳನ್ನು ಪ್ರಯಾಣಕ್ಕೆಂದು ಉಳಿಸಿದ್ದಳು. ಉಣ್ಣೆಯನ್ನು ಒಂದೇ ಸಲ ಬಣ್ಣ ಹಾಕಿದ ಕಂತಿನಿಂದಲೇ ಕೊಂಡಿದ್ದಳು. ನಡುದಾರಿಯಲ್ಲಿ ಮುಗಿದರೆ ಬೇರೆ ಅಂಗಡಿಯ ನೂಲು ಅದಕ್ಕೆ ಹೊಂದದು. ಪಕ್ಕದವರಿಗೆ ತಿವಿಯುವ ಉದ್ದ ಕಡ್ಡಿಗಳ ಬದಲು, ಮೆದುವಾದ ತಂತಿಯಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿಗಳನ್ನು ತಂದಿದ್ದಳು. ಹತ್ತನೆಯ ನಂಬರಿನವು, ಎಂದರೆ 3.25 ಮಿಲಿಮೀಟರು ದಪ್ಪ. ಎಂಟನೆಯ ನಂಬರಿನದು 4 ಮಿಲಿಮೀಟರು! ಅಂಕಿ ಹಿರಿದಾದಷ್ಟೂ ಕಡ್ಡಿ ತೆಳ್ಳಗಾಗುವ ಈ ಗಣಿತವನ್ನು ಮೂವತ್ತು ವರ್ಷ ಲೆಕ್ಕ ಕಲಿಸಿದ ನಾನು ಇನ್ನೂ ಒಪ್ಪಿಲ್ಲ.

ಆರು ಸಾಲಿಗೊಮ್ಮೆ ಎರಡು ಅಂಚುಗಳಲ್ಲೂ ಒಂದೊಂದು ಕುಣಿಕೆ ಹೆಚ್ಚಿಸಬೇಕಂತೆ. ಕಪ್ಪು ಉಣ್ಣೆಯಲ್ಲಿ ಸಾಲೆಣಿಸುವುದು ಓಡುವ ಕಾರಿನಲ್ಲಿ ಆಗದ ಮಾತು. ಆದ್ದರಿಂದ ಸಾಲಿಗೊಂದು ಗೀಟು ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಯ, ಮಡಿಕೇರಿ ದಾಟಿ ಮೈಸೂರಿನಲ್ಲಿ ರಾತ್ರಿ ತಂಗುವವರೆಗೆ ಲೆಕ್ಕ ಸರಿಯಾಗಿಯೇ ನಡೆಯಿತು. ಮರುದಿನ ಬಂಡೀಪುರದಲ್ಲಿ, ರಸ್ತೆಯಂಚಿಗೆ ಮರಿಯೊಡನೆ ಆನೆ ಬಂದಿತ್ತು. ನಾನು ಡೈರಿಯನ್ನು ಮರೆತೆ.

ಗೂಡಲೂರಿನಲ್ಲಿ ಚಹಕ್ಕೆ ನಿಂತಾಗ ಆಕೆ ಈ ತೋಳನ್ನು ಮುಗಿದಿದ್ದ ತೋಳಿನ ಮೇಲೆ ಹಾಸಿ ನೋಡಿದಳು. ಇದು ಕಿರಿದಾಗಿತ್ತು. ನನ್ನ ಕಡೆ ಒಮ್ಮೆ ನೋಡಿ, ಏನೊಂದೂ ಅನ್ನದೆ, ಹದಿನೆಂಟು ಸಾಲು ಬಿಚ್ಚಿದಳು. ಬೈದಿದ್ದರೆ ಒಳ್ಳೆಯದಿತ್ತು.

ಮುಂದೆ ಘಟ್ಟದ ತಿರುವುಗಳಲ್ಲಿ ಹೆಣೆಯುವಂತಿಲ್ಲ. ಮೈ ಓಲಾಡುತ್ತಿರುವಾಗ ಕಣ್ಣು ಮಡಿಲಲ್ಲೇ ನಿಂತರೆ ವಾಂತಿ ಬರುತ್ತದೆ. ಹಿಡಿದ ಸಾಲನ್ನು ಕೊನೆಮುಟ್ಟಿಸಿ ಚೀಲಕ್ಕೆ ಸೇರಿಸಿದಳು. ನಡುಸಾಲಿನಲ್ಲಿ ಬಿಟ್ಟರೆ ಕುಣಿಕೆಗಳು ಜಾರುತ್ತವೆ.

ಕೋಟಗಿರಿ ತಲುಪಿದಾಗ ತೋಳಿಗೆ ಇನ್ನೂ ಒಂದು ಗೇಣು ಬೇಕಿತ್ತು. ಭಾವನವರು ಕಾಯಲೊಪ್ಪದೆ ಒಂಟಿ ತೋಳಿನ ಸ್ವೆಟರನ್ನೇ ತೊಟ್ಟು, ಬರಿಯ ಕೈಗೆ ಶಾಲು ಸುತ್ತಿಕೊಂಡು, ತಂಗಿಯೆದುರು ನೂಲಿನ ಉಂಡೆ ಹಿಡಿದು ಕುಳಿತರು. ನಾನು ಡೈರಿ ತೆರೆದು, ಕಿಟಕಿಗೆ ಬೆನ್ನು ಹಾಕಿ, ಗೀಟು ಎಳೆಯತೊಡಗಿದೆ.