ಮಗುವಿನ ಕೈ ಕಟ್ಟಬೇಡಿ



"ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ನಾವು ಜಗಳ ಬಿಡಿಸುವುದು ಮಾತಿನಿಂದ, ಪಾಠ ಕಲಿಯುವುದು ಮಾತಿನಿಂದ. ಸುಮ್ಮನೆ ಕೂತು ಯೋಚನೆ ಮಾಡುವಾಗಲೂ ತಲೆಯೊಳಗೆ ಕನ್ನಡ ಓಡುತ್ತಾ ಇರುತ್ತದೆ. ಹಾಗಾದರೆ ಹುಟ್ಟಿನಿಂದಲೇ ಕಿವಿ ಕೇಳಿಸದವರು ಹೇಗೆ ಯೋಚನೆ ಮಾಡುತ್ತಾರೆ? ಈ ಪ್ರಶ್ನೆಯನ್ನು ನಾನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಕೇಳಿದೆ. ಅವರು ಹೇಳಿದ್ದನ್ನೂ, ಅವರು ಕೊಟ್ಟದ್ದನ್ನು ಓದಿ ತಿಳಿದದ್ದನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಿವುಡ ಮಗುವಿಗೆ ಹಸುಗೂಸಾಗಿದ್ದಾಗಲೇ ಸನ್ನೆ ಭಾಷೆ ಸಿಗಬೇಕು. ಕಿವಿ ಕೇಳಿಸದೆ ಇದ್ದ ಮಾತ್ರಕ್ಕೆ ಬುದ್ಧಿ ಕಮ್ಮಿಯಾಗುವುದಿಲ್ಲ. ಯಾವ ಭಾಷೆಯೂ ಇಲ್ಲದೆ ಬೆಳೆದರೆ ಮಾತ್ರ ಯೋಚನೆಗೆ ಅಡ್ಡಿಯಾಗುತ್ತದೆ.

ಸನ್ನೆ ಭಾಷೆ ಅಂದರೆ "ಬಾ, ಹೋಗು, ಊಟ ಆಯ್ತಾ" ಅಂತ ಕೈ ತೋರಿಸೋದು ಅಷ್ಟೇ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಪೂರ್ತಿ ಭಾಷೆ. ಅದಕ್ಕೂ ವ್ಯಾಕರಣ ಇದೆ. ಕೈಯ ಜೊತೆಗೆ ಮುಖ, ಹುಬ್ಬು ಎಲ್ಲವೂ ಆ ವ್ಯಾಕರಣದಲ್ಲಿ ಸೇರುತ್ತವೆ. ಅದರಲ್ಲಿ ಕಥೆ ಹೇಳಬಹುದು, ತಮಾಷೆ ಮಾಡಬಹುದು, ಸುಳ್ಳು ಕೂಡ ಹೇಳಬಹುದು! ನಮ್ಮ ಮನೆಯ ಪಾಪುಗಳು "ಬಬ್ಬಬ್ಬ" ಎಂದು ತೊದಲುವುದನ್ನು ನೋಡಿದ್ದೀರಲ್ಲ? ಸನ್ನೆ ಭಾಷೆ ಆಡುವ ತಂದೆ ತಾಯಿಯರ ಕಿವುಡ ಪಾಪುಗಳು ಕೈಯಲ್ಲೇ ತೊದಲುತ್ತವೆ. ಇದನ್ನು 1991ರಲ್ಲಿ ಲಾರಾ ಪೆಟಿಟೊ ಮತ್ತು ಪೌಲಾ ಮರೆಂಟೆಟ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ಈಗ ನಿಕರಾಗುವಾ ಎಂಬ ದೇಶದ ವಿಷಯ ಹೇಳುತ್ತೇನೆ. ಅದು ಮಧ್ಯ ಅಮೆರಿಕದಲ್ಲಿ ಇದೆ. ಅಲ್ಲಿ ಮೊದಲು ಕಿವುಡ ಮಕ್ಕಳು ಅವರವರ ಮನೆಯಲ್ಲೇ ಉಳಿಯುತ್ತಿದ್ದರು. ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ಅವರಿಗೆ ಒಂದು ಶಾಲೆ ಶುರುವಾಯಿತು. ಗುರುಗಳು ತುಟಿ ನೋಡಿ ಸ್ಪ್ಯಾನಿಷ್ ಭಾಷೆ ಕಲಿಯಿರಿ ಎಂದು ಹೇಳಿಕೊಟ್ಟರು. ಅದು ಮಕ್ಕಳ ತಲೆಗೆ ಅಷ್ಟಾಗಿ ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಮನೆಯ ಸನ್ನೆಗಳನ್ನು ಸೇರಿಸಿ ಮಾತಾಡಿಕೊಂಡರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನು ಕಲಿತು ಇನ್ನೂ ಬೆಳೆಸಿದರು. ಹೀಗೆ ಮಕ್ಕಳೇ ಒಂದು ಹೊಸ ಭಾಷೆ ಮಾಡಿಬಿಟ್ಟರು! ಮೊದಲು ಬಂದವರ ಭಾಷೆ ಸ್ವಲ್ಪ ಒರಟು, ಆಮೇಲೆ ಬಂದವರದು ಪೂರ್ತಿ.

ಈ ಎರಡು ಗುಂಪಿನವರು ದೊಡ್ಡವರಾದ ಮೇಲೆ ಜೆನಿ ಪೈಯರ್ಸ್ ಮತ್ತು ಆನ್ ಸೆಂಘಾಸ್ ಎಂಬವರು ಅವರಿಗೆ ಚಿತ್ರಕಥೆಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಎಂಥ ಕಥೆ ಎಂದು ತಿಳಿಯಲು ನಮ್ಮ ಉದಾಹರಣೆ ತೆಗೆದುಕೊಳ್ಳೋಣ. ಅಣ್ಣ ಬುಗುರಿಯನ್ನು ಮಂಚದ ಕೆಳಗೆ ಇಟ್ಟು ಹೊರಗೆ ಹೋದ. ತಮ್ಮ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಟ್ಟ. ಅಣ್ಣ ವಾಪಸ್ಸು ಬಂದು ಎಲ್ಲಿ ಹುಡುಕುತ್ತಾನೆ? ಮಂಚದ ಕೆಳಗೆ ಅಂತ ನಾವು ಥಟ್ಟನೆ ಹೇಳುತ್ತೇವೆ. ಯಾಕೆಂದರೆ ಅಣ್ಣನಿಗೆ ವಿಷಯ ಗೊತ್ತಿಲ್ಲ ಎಂದು ನಮಗೆ ಗೊತ್ತು. ಚಿಕ್ಕಂದಿನಲ್ಲೇ ಚೆನ್ನಾದ ಸನ್ನೆ ಭಾಷೆ ಸಿಕ್ಕ ಎರಡನೇ ಗುಂಪಿನವರು ಇಂಥವಕ್ಕೆ ಸರಿ ಉತ್ತರ ಆರಿಸಿದರು. ಮೊದಲನೇ ಗುಂಪಿನವರು ವಯಸ್ಸಿನಲ್ಲಿ ದೊಡ್ಡವರಾದರೂ ಹೆಚ್ಚಾಗಿ ತಪ್ಪಿದರು. "ಅಂದುಕೊಂಡ", "ಅವನಿಗೆ ಗೊತ್ತಿಲ್ಲ" ಎಂಬಂಥ ಮನಸ್ಸಿನ ಮಾತುಗಳನ್ನು ಅವರು ತುಂಬಾ ಕಮ್ಮಿ ಬಳಸುತ್ತಿದ್ದರು. ಸುಮಾರು 2 ವರ್ಷ ಆದ ಮೇಲೆ ಮತ್ತೆ ನೋಡಿದಾಗ ಆ ದೊಡ್ಡವರು ಆ ಮಾತುಗಳನ್ನು ಕಲಿತಿದ್ದರು, ಪರೀಕ್ಷೆಯಲ್ಲೂ ಎಷ್ಟೋ ಸುಧಾರಿಸಿದ್ದರು. ಇದು 2009ರಲ್ಲಿ ಪ್ರಕಟವಾಯಿತು. ಅಂದರೆ ಅವರ ಬುದ್ಧಿಯಲ್ಲಿ ಏನೂ ಕೊರತೆ ಇರಲಿಲ್ಲ. ಮಾತು ಸಿಗುವುದು ತಡವಾಗಿತ್ತು, ಅಷ್ಟೇ.

ಲೆಕ್ಕದ ವಿಷಯ ಇನ್ನೂ ಆಶ್ಚರ್ಯ. ಅದೇ ದೇಶದಲ್ಲಿ ಶಾಲೆಯ ಸನ್ನೆ ಭಾಷೆಯೂ ಕಲಿಯದೆ, ಬರೀ ಮನೆ ಸನ್ನೆಯಲ್ಲೇ ಬೆಳೆದ ಕಿವುಡರು ಇದ್ದಾರೆ. ಅವರು ದುಡಿಯುತ್ತಾರೆ, ದುಡ್ಡು ಸಂಪಾದನೆ ಮಾಡುತ್ತಾರೆ. ಅಂಥ 4 ಜನರನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. 1, 2, 3ರ ತನಕ ಸರಿಯಾಗಿ ತೋರಿಸುತ್ತಿದ್ದರು. ಅದಕ್ಕಿಂತ ಜಾಸ್ತಿಯಾದರೆ ಬೆರಳು ಎತ್ತಿದರೂ ಲೆಕ್ಕ ಹತ್ತಿರ ಹತ್ತಿರ ಬರುತ್ತಿತ್ತೇ ಹೊರತು ಪ್ರತಿಸಲ ಸರಿ ಬರುತ್ತಿರಲಿಲ್ಲ. ನಾವು ಅಂಗನವಾಡಿಯಲ್ಲಿ "ಒಂದು, ಎರಡು, ಮೂರು" ಎಂದು ರಾಗ ಹಾಕಿ ಹೇಳಿದ್ದೆವಲ್ಲ, ಆ ಸಾಲೇ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಸನ್ನೆ ಭಾಷೆ ಕಲಿತ ಕಿವುಡರಿಗೆ ಈ ತೊಂದರೆ ಇರಲಿಲ್ಲ. ಇದನ್ನು ಓದಿ ನನಗೆ ತುಂಬಾ ಬೇಜಾರಾಯಿತು.

ನಮ್ಮೂರಿನಲ್ಲೂ ಕಿವಿ ಕೇಳಿಸದ ಒಂದು ಪುಟ್ಟ ಮಗು ಇದೆ. "ಕೈ ಆಡಿಸೋದು ಕಲಿಸಬೇಡ್ರಪ್ಪ, ಆಮೇಲೆ ಬಾಯಿ ಬರೋದೇ ಇಲ್ಲ" ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. 2002ರಲ್ಲಿ ರೇಚಲ್ ಮೇಬೆರಿ ಮತ್ತು ಅವರ ಜೊತೆಗಾರರು ತೋರಿಸಿದ್ದು ಏನೆಂದರೆ, ಎಳೆತನದಲ್ಲೇ ಸನ್ನೆ ಭಾಷೆ ಸಿಕ್ಕ ಕಿವುಡರು ಆಮೇಲೆ ಇಂಗ್ಲಿಷನ್ನೂ ಚೆನ್ನಾಗಿ ಕಲಿತರು. ಎಳೆತನದಲ್ಲಿ ಯಾವ ಭಾಷೆಯೂ ಸಿಗದವರು ಹಿಂದೆ ಉಳಿದರು. ಮೊದಲನೇ ಭಾಷೆ ಗಟ್ಟಿಯಾದರೆ ಎರಡನೇದು ಬರುತ್ತದೆ. ಅಡಿಪಾಯವೇ ಇಲ್ಲದೆ ಗೋಡೆ ಎಬ್ಬಿಸಲಿಕ್ಕೆ ಆಗುತ್ತದೆಯೇ?

"ಕಿವಿಗೆ ಮೆಷಿನ್ ಹಾಕಿಸಿದರೆ ಆಯ್ತಲ್ಲ" ಎಂದು ಕೆಲವರು ಕೇಳಬಹುದು. ಹಾಕಿಸಲಿ, ಆಪರೇಷನ್ ಮಾಡಿಸುವವರು ಮಾಡಿಸಲಿ. ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲ ಮಕ್ಕಳಿಗೂ ಅದರಿಂದ ಒಂದೇ ರೀತಿ ಕೇಳಿಸುವುದಿಲ್ಲ. ಅದು ಆಗುವ ತನಕ ಮಗುವಿನ ತಲೆ ಖಾಲಿ ಕೂತಿರಬೇಕೇ? ಕೈಗೂ ಮೆಷಿನ್‌ಗೂ ಜಗಳ ಇಲ್ಲ.

ದೊಡ್ಡ ದೊಡ್ಡ ಪಂಡಿತರೂ ಹಿಂದೆ ಹೀಗೇ ತಪ್ಪು ಮಾಡಿದ್ದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸಭೆ ಸೇರಿ, ಕಿವುಡರ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿ ಮಾತೇ ಸಾಕು ಎಂದು ತೀರ್ಮಾನ ಮಾಡಿದರು. ಅದರಿಂದ ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ನಿಂತುಹೋಯಿತು. ಕೊನೆಗೆ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಾಲಿನ ಸಭೆ ಆ ತೀರ್ಮಾನವನ್ನು ತಳ್ಳಿಹಾಕಿ ವಿಷಾದ ಹೇಳಿತು. ಲೆಕ್ಕ ಹಾಕಿ ನೋಡಿ, ಮಧ್ಯೆ 130 ವರ್ಷ!

ಕಿವುಡ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮನಿಗೆ ಕಿವಿ ಕೇಳಿಸುತ್ತದೆ. ಆದ್ದರಿಂದ ಅವರಿಗೆ ಸನ್ನೆ ಭಾಷೆ ಬರುವುದಿಲ್ಲ. ಅದು ಅವರ ತಪ್ಪಲ್ಲ. ಆದರೆ ಕಲಿಯಬಹುದು. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆಗಿದೆ. ಅವರು ಮಾಡಿದ ವಿಡಿಯೊ ನಿಘಂಟಿನಲ್ಲಿ 2018ರಲ್ಲಿ 3,000 ಪದ ಇದ್ದವು, 2021ಕ್ಕೆ 10,000 ಆದವು. ಮನೆಯಲ್ಲಿ ಮೊಬೈಲ್ ಇದ್ದರೆ ದುಡ್ಡು ಕೊಡದೆ ನೋಡಬಹುದು.

ನಮ್ಮ ಕರ್ನಾಟಕದಲ್ಲೇ ಒಂದು ಊರು ದಾರಿ ತೋರಿಸಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರು ಬಹಳ ಮಂದಿ ಇದ್ದಾರೆ. ಅಲ್ಲಿ ಊರಿನದೇ ಒಂದು ಸನ್ನೆ ಭಾಷೆ ಇದೆ. ಕಿವಿ ಕೇಳಿಸುವವರಲ್ಲೂ ಎಷ್ಟೋ ಜನ ಅದನ್ನು ಆಡುತ್ತಾರೆ. ಅಲ್ಲಿ ಆಗುವುದು ನಮ್ಮಲ್ಲಿ ಯಾಕೆ ಆಗಬಾರದು?

ಗೆಳೆಯರೇ, ಕೊನೆಯದಾಗಿ ಎರಡು ವಿನಂತಿ. ಯಾರನ್ನೂ "ಏ ಮೂಗ" ಎಂದು ಕರೆಯಬೇಡಿ. ನಮ್ಮ ಶಾಲೆಯ ಮಕ್ಕಳೆಲ್ಲ ವಾರಕ್ಕೆ 10 ಸನ್ನೆ ಕಲಿಯೋಣ. ಸಂಜೆ ಆಟಕ್ಕೆ ಕಿವಿ ಕೇಳಿಸದ ಮಕ್ಕಳನ್ನೂ ಕರೆದುಕೊಂಡು ಹೋಗೋಣ. ನಿಕರಾಗುವಾದಲ್ಲಿ ಭಾಷೆ ಹುಟ್ಟಿದ್ದು ಆಟದ ಬಯಲಿನಲ್ಲೇ ತಾನೆ? ದೊಡ್ಡವರಿಗೆ ಹೇಳುವುದು ಇಷ್ಟೇ. ಮಗು ಕೈಯಲ್ಲಿ ಏನಾದರೂ ಕೇಳಿದರೆ ನೀವೂ ಕೈಯಲ್ಲೇ ಉತ್ತರ ಕೊಡಿ. "ಇನ್ನೂ ಚಿಕ್ಕದು, ಶಾಲೆಗೆ ಸೇರಿದ ಮೇಲೆ ನೋಡೋಣ" ಎಂದು ಕಾಯಬೇಡಿ.

ಇಂತಿ ನಿಮ್ಮ,
ಏಳನೇ ತರಗತಿಯ ವಿದ್ಯಾರ್ಥಿ